ಉಣ್ಣಿ ನೋಡ್ರಿ, ಸಾಹೇಬ್ರ

ನಾಯಿ ಸಾಕಿದವನು ತಾನು ಒಂದೇ ಪ್ರಾಣಿ ಸಾಕಿದ್ದೇನೆಂದು ತಿಳಿದಿರುತ್ತಾನೆ. ಆ ಒಂದರ ಮೈಮೇಲೆ ಎಷ್ಟು ಸಂಸಾರಗಳು ಪುಕ್ಕಟೆ ಬಾಳುತ್ತಿವೆ ಎಂಬುದು ಮೈ ತಡವಿದ ದಿನವೇ ಗೊತ್ತಾಗುವುದು. ನಾನು ತಡವಿದ್ದು ತಡವಾಗಿ. ಎಪ್ಪತ್ತರ ದಶಕದಲ್ಲಿ ವಿಜಾಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ತಿಕೋಟಾದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮನೆಯಲ್ಲಿ ಅವ್ವ, ನಾನು, ನಮ್ಮ ನಾಯಿ ಮೋತ್ಯಾ. ಅದಕ್ಕೆ ಜೋಳ ಕೊಯ್ದ ಹೊಲಗಳಲ್ಲಿ ಬೀಡುಬಿಟ್ಟ ಕುರಿಗಳ ಸಹವಾಸ ಬಹಳ. ಹೋದಲ್ಲಿಂದ ಮೈತುಂಬ ಉಣ್ಣಿ ಹೊತ್ತುಕೊಂಡು ಬರುತ್ತಿತ್ತು.

ಮೊದಮೊದಲು ನಕ್ಕೆವು. ಆಮೇಲೆ ಮೋತ್ಯಾ ರೊಟ್ಟಿ ಮೂಸಿ ಮುಖ ತಿರುಗಿಸತೊಡಗಿತು. ಹೆಸರು ಹಿಡಿದು ಕರೆದರೆ ಬಾಲ ಮಾತ್ರ ಅಲುಗುತ್ತಿತ್ತು. ದನದ ದವಾಖಾನೆಯ ಡಾಕ್ಟರು ಅದರ ತುಟಿ ಎತ್ತಿ ಬಿಳುಚಿದ ವಸಡು ತೋರಿಸಿದರು. "ಮೈಯಾಗ ರಕ್ತನ ಇಲ್ರಿ ಇದಕ್ಕ. ಔಷಧ ಕೊಡ್ತೇನಿ. ಆದ್ರ ಉಣ್ಣಿ ಹೋಗಲಿಲ್ಲಂದ್ರ ನಾಯಿ ಉಳಿಯೂದಿಲ್ಲ" ಅಂದರು. ಅಂದಿನಿಂದ ಅವ್ವ ಮೋತ್ಯಾನನ್ನು ಹೊರಗೆ ಬಿಡಲಿಲ್ಲ. ಸಂಜೆಯಾದರೆ ಕನ್ನಡಕ ಏರಿಸಿ, ಸೀಮೆಎಣ್ಣೆಯ ಬಟ್ಟಲು ಮುಂದಿಟ್ಟುಕೊಂಡು, ಜೋಳದೊಳಗಿನ ಹರಳು ಆರಿಸುವಷ್ಟು ಶ್ರದ್ಧೆಯಿಂದ ಒಂದೊಂದನ್ನೇ ಕಿತ್ತು ಹಾಕುತ್ತಿದ್ದಳು. ಬೆಳಗಾದರೆ ಮತ್ತೆ ಅಷ್ಟೇ. "ಕಟ್ಟಿ ಹಾಕೇನಿ, ಆದ್ರೂ ಎಲ್ಲಿಂದ ಬರ್ತಾವೋ ಯಪ್ಪಾ" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೂ ಕಚೇರಿಯಲ್ಲಿ ಫೈಲು ಬಿಚ್ಚಿದರೆ ಕಾಣುತ್ತಿದ್ದುದು ಆ ವಸಡೇ.

ಇಂಥದರಲ್ಲಿ ಹೊನವಾಡಕ್ಕೆ ತಪಾಸಣೆಗೆ ಹೊರಟ ನಮ್ಮ ಸಾಹೇಬರು ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿ ಇಳಿದರು. ಮೈಸೂರು ಕಡೆಯವರು. ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಸೌಜನ್ಯದಿಂದ ತುಂಬಿಕೊಳ್ಳುತ್ತಿದ್ದರು. ಮೋತ್ಯಾನನ್ನು ಹಿತ್ತಲಲ್ಲಿ ಕಟ್ಟಿ, ನಾನು ಮಲಗುವ ಕಂಬಳಿಯನ್ನೇ ಮಡಚಿ ಅವರಿಗೆ ಹಾಸಿದೆ. ರೊಟ್ಟಿ ಬಡಿಸುತ್ತಿದ್ದ ಅವ್ವ ತಟ್ಟನೆ ನಿಂತು, ಅವರ ಕೊರಳನ್ನೇ ನೋಡಿ, "ಸಾಹೇಬ್ರ, ಉಣ್ಣಿ" ಅಂದಳು.

ನಾವು ಊಟಕ್ಕೆ 'ಉಣ್ರಿ' ಅನ್ನುವವರು. ಅವರ ಕಡೆ ಅದೇ ಮಾತು 'ಉಣ್ಣಿ'. ತಮಗಾಗಿ ಅವ್ವ ಮೈಸೂರು ಕನ್ನಡ ಆಡಿದಳೆಂದು ಸಾಹೇಬರಿಗೆ ಸಂತೋಷವಾಯಿತು. "ಉಣ್ತಾ ಇದ್ದೀನಮ್ಮ" ಅಂದರು.

"ಉಣ್ಣಿ ನೋಡ್ರಿ, ಉಣ್ಣಿ."

ಮುದುಕಿಯ ಮನಸ್ಸು ನೋಯಿಸಬಾರದೆಂದು ಅವರು ಇನ್ನೊಂದು ರೊಟ್ಟಿ ಮುರಿದರು. ಅದನ್ನೂ ಮುಗಿಸಿ, ಬೆವರೊರೆಸಿಕೊಳ್ಳುತ್ತ, "ಸಾಕಮ್ಮ, ಹೊಟ್ಟೆ ತುಂಬಿತು" ಅಂದರು.

"ನಿಮ್ಮದಲ್ರಿ, ಅದರ ಹೊಟ್ಟಿ ತುಂಬೇತಿ" ಎಂದು ಅವ್ವ ಕೈಚಾಚಿ, ಕಾಲರಿನ ಮೇಲೆ ಹರಿಯುತ್ತಿದ್ದ ಉಣ್ಣಿಯನ್ನು ಹಿಡಿದಳು. ನಗು ಬರಬೇಕಾಗಿತ್ತು. ಅದರ ಹೊಟ್ಟೆಯಲ್ಲಿದ್ದುದು ಮೋತ್ಯಾನ ರಕ್ತ, ನನಗೆ ಬರಲಿಲ್ಲ.

ಸಾಹೇಬರು ಕೈತೊಳೆದು ಜೀಪು ಹತ್ತಿದರು. ಅವ್ವ ಕಂಬಳಿ ಮಗುಚಿದಳು. ನೇಯ್ಗೆಯ ಸಂದುಸಂದಿನಲ್ಲೂ ಉಣ್ಣಿ. ರಾತ್ರಿ ಮೋತ್ಯಾ ಮಲಗುತ್ತಿದ್ದುದು ನನ್ನ ಮಗ್ಗುಲಲ್ಲೇ. ಸಂಜೆ ಅವ್ವ ಕಿತ್ತಷ್ಟನ್ನೂ ನನ್ನ ಹಾಸಿಗೆ ಬೆಳಗಾಗುವುದರೊಳಗೆ ತುಂಬಿಕೊಡುತ್ತಿತ್ತು. ಕಂಬಳಿಯನ್ನು ಕುದಿಯುವ ನೀರಿಗೆ ಹಾಕಿದೆವು, ಗೋಡೆಯ ಬಿರುಕುಗಳಿಗೆ ಸುಣ್ಣ ಮೆತ್ತಿದೆವು. ಕೆಲವು ವಾರಗಳಲ್ಲಿ ವಸಡಿಗೆ ಕೆಂಪು ಬಂತು. ಮೋತ್ಯಾ ಇಡೀ ರೊಟ್ಟಿ ತಿಂದ ದಿನ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಅವ್ವನಿಗೆ ಮಾತ್ರ ನನ್ನ ಮೇಲಿನ ನಂಬಿಕೆ ಹೋಯಿತು. ದಿನಾ ಸಂಜೆ ಮೋತ್ಯಾನದು ಮುಗಿಸಿ, ಸರಕಾರಿ ನೌಕರನಾದ ನನ್ನನ್ನು ಅದರ ಜಾಗದಲ್ಲಿ ಕೂರಿಸಿ, ಕಿವಿಯ ಹಿಂದೆಲ್ಲ ತಡಕಾಡುತ್ತಿದ್ದಳು.

"ಅಲ್ಲಾಡಬ್ಯಾಡ ಲೇ" ಅನ್ನುತ್ತಿದ್ದಳು. "ನಿನಗಿಂತ ಅದ ಚಲೋ, ಸುಮ್ಮನ ಕುಂಡರ್ತೈತಿ."