ನಾಲ್ಕನೇ ಕಾಲು ಯಾಕೆ?

ದೇವರು ಮನುಷ್ಯನಿಗೆ ಎರಡು ಕಿವಿ ಕೊಟ್ಟದ್ದು ದಂಡದ ಖರ್ಚು ಎಂದು ನಂಬಿದವರು ಈ ಲೋಕದಲ್ಲಿ ಒಬ್ಬರೇ, ಅದು ನಮ್ಮ ಭಾವ. "ಒಂದ್ರಲ್ಲೇ ಕೇಳಿಸ್ತದಲ್ಲಮ್ಮಿ" ಅನ್ನುವರು. ಆ ಒಂದರಲ್ಲಾದರೂ ನನ್ನ ಮಾತು ಕೇಳಿಸಿಕೊಂಡಿದ್ದರೆ ನಾನು ಅಷ್ಟು ವರ್ಷ ಹಲ್ಲು ಕಡಿದು ಕಡಿದು ಸವೆಸುವ ಗತಿ ಬರುತ್ತಿತ್ತೇ?

ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಆ ಅಕ್ಕನ ಗಂಡ ಇವರು. ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುತ್ತಿದ್ದರು. ಏನನ್ನು ಕಂಡರೂ ಅದರಲ್ಲೊಂದು ಭಾಗ ಕಳಚಿ ಖರ್ಚು ಇಳಿಸಬೇಕು, ಅದೇ ಚಟ. ಆಟದ ಗಾಡಿಯ ಒಂದು ಚಕ್ರ ಕಿತ್ತರು. "ಆಟೋ ಓಡಲ್ವಾ ಮೂರ್ ಚಕ್ರದಾಗೆ?" ಆಟೋದ ಮೂರನೇ ಚಕ್ರ ನಡುವೆ ಇರುತ್ತದೆ ಸ್ವಾಮಿ, ನೀವು ಕಿತ್ತದ್ದು ಮೂಲೆಯದು!

ಮನೆಯ ಬೆಂಚನ್ನೂ ಬಿಡಲಿಲ್ಲ. ಅದಕ್ಕೆ ಮೂರೇ ಕಾಲು, ನಾಲ್ಕನೇ ಮೂಲೆ ಗೋಡೆಯ ಗೂಟದ ಮೇಲೆ. "ಗೋಡೆ ಇರೋವಾಗ ಕಾಲ್ಯಾಕೆ?" ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಬೆಂಚನ್ನು ಪಡಸಾಲೆಯ ನಡುವಿಗೆ ಎಳೆದರು. ಕಾಲಿಲ್ಲದ ಮೂಲೆಗೆ ಮಂಡಿ ಕೊಟ್ಟು ಅಕ್ಕ ನಗುತ್ತಾ ನಿಂತಿದ್ದಳು.

"ಕಾಫಿ ತಗಂಡ್ ಬಾರೇ" ಎಂದರು ಭಾವ.

ಅಕ್ಕ ಒಳಗೆ ಹೋದಳು, ಗಂಡಿನ ಸೋದರಮಾವ ನೆಲಕ್ಕೆ ಬಂದರು. "ಡಿಸೈನ್ ಸರಿಯಾಗೇ ಐತೆ, ತೂಕ ಒಸಿ ಜಾಸ್ತಿಯಾಯ್ತು" ಎಂಬ ಭಾವನ ತೀರ್ಪು ಬೇರೆ! ಮದುವೆ ಹೇಗೋ ಆಯಿತೆನ್ನಿ. ಆ ಮಾವ ಇವತ್ತಿಗೂ ನಮ್ಮ ಮನೆಯ ಕುರ್ಚಿಯನ್ನು ಅಲ್ಲಾಡಿಸಿ ನೋಡಿಯೇ ಕೂರುವುದು.

ಆಮೇಲೆ ಊರಿಗೆಲ್ಲ ರೇಷ್ಮೆ ಹುಚ್ಚು ಹಿಡಿಯಿತು. ಭಾವ ಬೊಂಬೆ ಬಿಟ್ಟು ನೂಲು ತೆಗೆಯುವ ಚರಕ ಮಾಡತೊಡಗಿದರು. ಚರಕಕ್ಕೆ ಇಬ್ಬರು ಬೇಕು. ಒಬ್ಬರು ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ಎಳೆ ಎತ್ತಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಹಿಡಿ ಹಿಡಿದು ಚಕ್ರ ತಿರುಗಿಸಬೇಕು. ಭಾವನವರು ಆ ಹಿಡಿಯನ್ನೂ ಕೂರುವ ಮಣೆಯನ್ನೂ ಕಿತ್ತು, ಕಾಲಲ್ಲಿ ತುಳಿಯುವ ಹಲಗೆಯೊಂದನ್ನು ಜಡಿದರು. ಒಂದಾಳಿನ ಕೂಲಿ ಉಳಿಯಿತಂತೆ! ಪರೀಕ್ಷೆಗೆ ಕೂರಿಸಿದ್ದು ಯಾರನ್ನು? ಅಕ್ಕನನ್ನೇ. ದಿನವಿಡೀ ಕೈ ಸುಡುನೀರಿನಲ್ಲಿ, ಕಾಲು ಹಲಗೆಯ ಮೇಲೆ. ಸಂಜೆ ಅವಳು ಗೋಡೆ ಹಿಡಿದು ಏಳುವುದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

"ಭಾವ, ನೀವೇನೂ ಉಳಿಸಿಲ್ಲ. ಕಿತ್ತ ಪಾರ್ಟೆಲ್ಲ ನಮ್ಮಕ್ಕನ ಮೈಗೆ ತಗಲಾಕಿದ್ದೀರಿ. ಬೆಂಚಿನ ಕಾಲೂ ಅವಳೇ, ಚರಕದ ಹಿಡೀನೂ ಅವಳೇ."

"ನಿಮ್ಮಕ್ಕ ಏನಾರ ಅಂದವ್ಳಾ?"

ಅಂದಿರಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿದ್ದೇ ಅದಕ್ಕೆ.

ನನ್ನ ಬಾಣಂತನಕ್ಕೆಂದು ಅಕ್ಕನನ್ನು ಹೊಂಗನೂರಿಗೆ, ನನ್ನ ಮನೆಗೆ ಕರೆಸಿಕೊಂಡೆ. ಮಗು ಮಗ್ಗುಲಾಗಿ ಬೋರಲು ಬೀಳುವ ತನಕ ಬೇಕೆಂದೇ ಕಳಿಸಲಿಲ್ಲ. ಅನುಭವಿಸಲಿ ಮಹರಾಯರು! ಕೊನೆಗೆ ಅಕ್ಕನನ್ನು ಬಿಡಲು ನಾನೂ ಬಸ್ಸು ಹತ್ತಿದೆ, ಬೈಗುಳವನ್ನೆಲ್ಲ ನಾಲಿಗೆಯ ತುದಿಯಲ್ಲಿ ಜೋಡಿಸಿಕೊಂಡು.

ಪಡಸಾಲೆಯ ಬೆಂಚಿಗೆ ನಾಲ್ಕು ಕಾಲಿತ್ತು. ಹೊಸ ಕಾಲಿಗೆ ಬೊಂಬೆಗೆ ಬಳಿಯುವ ಕೆಂಪು ಅರಗು ಹಚ್ಚಿದ್ದರು. ಚರಕದಲ್ಲಿ ಹಲಗೆ ಮಾಯವಾಗಿ ಹಿಡಿ ಬಂದಿತ್ತು, ಪಕ್ಕದಲ್ಲಿ ಮಣೆಯೂ ಇತ್ತು.

"ತಿರುಗ್ಸೋಕೆ ಯಾರ್ನ ಕೂಲಿಗಿಟ್ರಿ ಭಾವ?" ಎಂದು ಕುಟುಕಿದೆ.

ಭಾವ ನನ್ನ ಕಡೆ ನೋಡಲಿಲ್ಲ. ತಾವೇ ಹೋಗಿ ಮಣೆಯ ಮೇಲೆ ಕೂತರು. "ನೀನಿಲ್ದೆ ಈ ಮನೇಲಿ ಒಂದೂ ನಿಲ್ನಿಲ್ಲ ಕಣೆ" ಎಂದರು, ಅಕ್ಕನಿಗೆ.

ಅಕ್ಕ ಚೀಲವನ್ನು ಕೆಳಗಿಟ್ಟು ಬಂದು ನೀರಿಗೆ ಕೈ ಹಾಕಿದಳು, ಎಳೆ ಎತ್ತಿದಳು. "ಒಸಿ ನಿಧಾನುಕ್ ತಿರುಗ್ಸಿ, ಎಳೆ ಕಿತ್ತೋಯ್ತದೆ."

ಭಾವ ನಿಧಾನವಾಗಿ ತಿರುಗಿಸಿದರು. ನಾನು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಆ ನಾಲ್ಕು ಕಾಲಿನ ಬೆಂಚಿನ ಮೇಲೆ ಕೂತೆ. ಹೊತ್ತು ತಂದಿದ್ದ ಬೈಗುಳದಲ್ಲಿ ಒಂದೂ ಖರ್ಚಾಗಲಿಲ್ಲ. ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡೆ.