ನಮ್ಮವರು ನಾಲ್ಕನೆಯ ಸಲ ಸತ್ತದ್ದು

ಮನುಷ್ಯ ತೀರಿಕೊಂಡ ಮೇಲೆ ಅವನ ಅಂಗಿಗಳನ್ನು ಯಾರಿಗೆ ಕೊಡಬೇಕು, ಕನ್ನಡಕ ಏನು ಮಾಡಬೇಕು, ಹಾಸಿಗೆ ಎಲ್ಲಿ ಬಿಡಬೇಕು ಎಂದು ಹೇಳಿಕೊಡಲು ನೂರು ಜನ ಬರುತ್ತಾರೆ. ಅವನ ಫೋನನ್ನು ಏನು ಮಾಡಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ಹಿರಿಯರು ಫೋನಿಲ್ಲದ ಕಾಲದಲ್ಲೇ ಸತ್ತು ಪಾರಾದರು. ನಾನು ಆಳಂದದ ಕಡೆಯ ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಪತ್ರ ಬರೆಯುವಷ್ಟು ಕನ್ನಡ ಬರುತ್ತದೆ, ಅಷ್ಟೆ. ಆದರೂ ಬರೆಯಲು ಕೂತಿದ್ದೇನೆ, ಏಕೆಂದರೆ ಒಂದು ತಪ್ಪನ್ನು ಒಪ್ಪಿಕೊಳ್ಳುವುದಿದೆ. ನಾನು ಏಳು ತಿಂಗಳು ನನ್ನ ಗಂಡನಾಗಿದ್ದೆ.

ನಮ್ಮವರದು ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾದಲ್ಲಿ ಗಡಿಯಾರ ರಿಪೇರಿಯ ಸಣ್ಣ ಅಂಗಡಿ. ಗೋಡೆಯ ಮೇಲೆ ಹದಿನಾಲ್ಕು ಗಡಿಯಾರ, ಹದಿನಾಲ್ಕೂ ಬೇರೆಬೇರೆ ಹೊತ್ತು ತೋರಿಸುತ್ತಿದ್ದವು. ಬಸ್ಸಿಗೆ ಹೊರಟವರು ಗಾಬರಿಯಿಂದ "ಎಷ್ಟ್ ಆಗ್ಯಾದ ರೀ?" ಎಂದು ಕೇಳಿದರೆ, ಇವರು ಕಣ್ಣಿನ ಭೂತಗನ್ನಡಿ ತೆಗೆಯದೆ "ನಿಮಗ ಎಷ್ಟ್ ಬೇಕು?" ಎನ್ನುತ್ತಿದ್ದರು. ಇಂಥವರ ಕೈಗೆ ಊರಿನವರು ಗಡಿಯಾರ ಕೊಡುತ್ತಿದ್ದದ್ದೇ ಆಶ್ಚರ್ಯ. ಮನೆಯಲ್ಲೂ ಅದೇ ವರಸೆ. ಪಕ್ಕದಲ್ಲೇ ಇರುವ ನನ್ನ ನೆಗೆಣ್ಣಿ ನೀಲಮ್ಮ, ಅಂದರೆ ಇವರ ತಮ್ಮನ ಹೆಂಡತಿ, ಭಾವನ ಎದುರು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳದೆ ಒಂದು ದಿನವೂ ನಿಂತವಳಲ್ಲ. ಅಂಥ ಮರ್ಯಾದಸ್ತೆ ಸೆರಗಿನೊಳಗಿಂದಲೇ ನನಗೆ, "ಅಕ್ಕಾ, ಭಾವನೋರಿಗಿ ಒಮ್ಮಿ ಡಾಕ್ಟರಿಗಿ ತೋರಸ್ರಿ" ಎಂದು ಪಿಸುಗುಟ್ಟಿದ್ದುಂಟು.

ಡಾಕ್ಟರಿಗೆ ತೋರಿಸುವ ಮೊದಲೇ ಇವರಿಗೆ ಫೋನಿನಲ್ಲಿ ತಮ್ಮಂಥವರು ಸಿಕ್ಕಿಬಿಟ್ಟರು. ಹೊರದೇಶದಲ್ಲಿ ಡಿಸ್ಕಾರ್ಡಿಯನ್ನರು ಎಂಬ ನಗೆಯ ಪಂಥದವರಿದ್ದಾರಂತೆ. ಅವರಿಗೆ ಗೊಂದಲವೇ ದೇವತೆ. ಆಕೆಯ ಕೈಯಲ್ಲಿ ಬಂಗಾರದ ಸೇಬು. ಪಂಥದಲ್ಲಿ ಪ್ರತಿಯೊಬ್ಬನೂ ಗುರು. ಇದನ್ನು ಎಲ್ಲೋ ಓದಿದ ನಿಲಂಗಾದ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರು ವಾಟ್ಸಾಪಿನಲ್ಲಿ 'ಗೊಂದಲವ್ವನ ಮಠ' ಎಂಬ ಗುಂಪು ಕಟ್ಟಿದರು. ಹನ್ನೊಂದು ಜನ, ಹನ್ನೊಂದೂ ಸ್ವಾಮಿಗಳು. ಕಾಲಿಗೆ ಬೀಳುವವರು ಒಬ್ಬರೂ ಇಲ್ಲದ ಮಠ ಅದು. ಮಾಸ್ತರರು ಅಡ್ಡಗೆರೆ ಸ್ವಾಮಿ. ಉದಗೀರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ, ಬೇಕೆಂದೇ ಬೆನ್ನಿನ ಮೇಲೆ ಜೇಬು ಹೊಲಿಯುವ ಶಾಂತಕ್ಕ ಉಲ್ಟಾಹೊಲಿಗೆ ಸ್ವಾಮಿ. ನಮ್ಮವರು ಗಡಿಯಾರ ಸ್ವಾಮಿ. ನಾಲ್ಕು ವರ್ಷ ದಿನಾ ಹರಟಿದರೂ ಇವರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮಠಕ್ಕೆ ಎರಡೇ ನಿಯಮ. ಒಂದು, ಶುಕ್ರವಾರ ಉಲ್ಟಾ ಊಟ: ಮೊದಲು ಬೀಡಾ, ಆಮೇಲೆ ಮಜ್ಜಿಗೆ, ಅನ್ನ, ರೊಟ್ಟಿ ಪಲ್ಯ, ಕೊನೆಗೆ ಉಪ್ಪು. ಎರಡು, ಯಾರು ಯಾವ ಸುದ್ದಿ ಹಾಕಿದರೂ ಉಳಿದವರು "ಖೋಟಾ!" ಎನ್ನಬೇಕು. ಮಗಳಿಗೆ ಹೆರಿಗೆಯಾಯಿತು ಎಂದರೂ ಖೋಟಾ, ಮಳೆ ಬಂತು ಎಂದರೂ ಖೋಟಾ.

ನಮ್ಮವರು ಹೋದದ್ದು ಅಂಗಡಿಯಲ್ಲೇ, ಒಂದು ಕೈಗಡಿಯಾರ ಬಿಚ್ಚಿಕೊಂಡು ಕೂತಾಗ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಪಾಪ, ಗೆಳೆಯರಿಗೆ ತಿಳಿಸಬೇಕಲ್ಲ ಎಂದು ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಬರೆದೆ: "ಇವರು ತೀರಿಕೊಂಡರು."

"ಖೋಟಾ!" ಎಂದು ಹತ್ತು ಉತ್ತರ ಬಂದವು. "ನಾಲ್ಕನೇ ಸಲ ಸಾಯ್ಲತ್ತೀರಿ ಸ್ವಾಮಿಗಳೇ, ಏನಾರ ಹೊಸಾದು ಮಾಡ್ರಿ" ಎಂದು ಮಾಸ್ತರರು. "ಈ ಸಲ ಯಾತರಿಂದ ಸತ್ತ್ರಿ?" ಎಂದು ಶಾಂತಕ್ಕ.

"ಹೃದಯದಿಂದ" ಎಂದು ಬರೆದೆ.

"ಅದು ನಿಮಗಿತ್ತೇನ್ರಿ?"

ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಎಸೆಯುವ ಮೊದಲು ನಾಲ್ಕನೇ ಸಲ ಎಂದರೇನು ಎಂದು ಹಿಂದಿನದನ್ನೆಲ್ಲ ಓದುತ್ತಾ ಹೋದೆ. ಹೌದು, ಇವರು ಮೊದಲೇ ಮೂರು ಸಲ ಸತ್ತಿದ್ದರು. ಒಮ್ಮೆ ಯೆಣೆಗೂರಿನ ಹತ್ತಿರ ಧಾಬಾದಲ್ಲಿ ಮಿರ್ಚಿ ಭಜಿ ತಿಂದು. ಒಮ್ಮೆ ಷಡ್ಡಕನ ಭಾಷಣ ಕೇಳಿ. ಮೂರನೆಯದು ನನ್ನ ಉಪ್ಪಿಟ್ಟಿನಿಂದ. ಆ ಉಪ್ಪಿಟ್ಟಿನ ಸಾವಿಗೆ ಹತ್ತು ಜನ ಶ್ರದ್ಧಾಂಜಲಿ ಬರೆದಿದ್ದರು. ಸತ್ತವರೇ ಎದ್ದು ವಂದನಾರ್ಪಣೆ ಮಾಡಿದ್ದರು. ಇಪ್ಪತ್ತೆಂಟು ವರ್ಷ ಎದುರು ಕೂತು ಸುಮ್ಮನೆ ತಿಂದ ಮನುಷ್ಯ! ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ನಗು ಬಂತು. ಇವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಬಾಗಿಲಲ್ಲಿದ್ದ ನೀಲಮ್ಮ ಹೆದರಿ ನೀರು ತರಲು ಓಡಿದಳು.

ಮರುದಿನ ಬೆಳಿಗ್ಗೆ ಮಾಸ್ತರರದು ಬಂತು: "ಸ್ವರ್ಗದಾಗ ಗಡಿಯಾರ ಎಷ್ಟ್ ಗಂಟಿ ತೋರಸ್ಲತ್ತಾವ?" ಯಾವ ದೆವ್ವ ಹೊಕ್ಕಿತೋ, ನನ್ನ ಬೆರಳು ಬರೆಯಿತು: "ಎಲ್ಲಾ ಕೆಟ್ಟಾವ. ರಿಪೇರಿಗೇ ನನಗ ಕರಸ್ಯಾರ." ಜನ್ಮದಲ್ಲಿ ನಾನು ಮಾಡಿದ ಮೊದಲ ತಮಾಷೆ ಅದು. ಹತ್ತು ಜನ ನಕ್ಕರು. ಆಗ ಹೊಳೆಯಿತು: ಇಡೀ ಭೂಮಿಯ ಮೇಲೆ ನಮ್ಮವರು ಇನ್ನೂ ಬದುಕಿರುವುದು ಇದೊಂದೇ ಕಡೆ. ಅದನ್ನು ನಾನೇಕೆ ಕೆಡಿಸಬೇಕು?

ಹೀಗೆ ನಾನು ಗಡಿಯಾರ ಸ್ವಾಮಿಯಾದೆ. ಬೆಳಿಗ್ಗೆ ಎದ್ದು ಎಲ್ಲರ ಸುದ್ದಿಗೂ ಖೋಟಾ ಅನ್ನುವುದು, ಶುಕ್ರವಾರ ಉಲ್ಟಾ ತಾಟು ಬಡಿಸಿ ಫೋಟೊ ಕಳಿಸುವುದು. ಬಡಿಸಿದ್ದನ್ನು ಚೆಲ್ಲಬಾರದೆಂದು ಬೀಡಾದಿಂದ ಆರಂಭಿಸಿ ಉಣ್ಣಲೂ ಕಲಿತೆ. ಉಪ್ಪಿನಿಂದ ಮುಗಿಯುವ ಊಟದಲ್ಲಿ ಒಂದು ಗುಣವಿದೆ: ಅಳು ಬಂದರೂ ರುಚಿ ಬದಲಾಗುವುದಿಲ್ಲ.

ಏಳನೆಯ ತಿಂಗಳಲ್ಲಿ ಮಾಸ್ತರರು ಬಾಂಬು ಹಾಕಿದರು. "ಬರೋ ಶುಕ್ರವಾರ ನಾನೂ ಶಾಂತಕ್ಕನೂ ಉಮರ್ಗಾಕ್ಕ ಬರ್ಲತ್ತೀವಿ. ಸ್ವಾಮಿಗಳ ಮನ್ಯಾಗೇ ಉಲ್ಟಾ ಊಟ."

ಅವರು ಹೊಸ್ತಿಲು ದಾಟಿದರೆ ನಮ್ಮವರು ಗುಂಪಿನಲ್ಲೂ ಸಾಯುತ್ತಾರೆ. ಅದು ಕೊನೆಯ ಸಾವು. ನಾನು ಊರಲ್ಲಿ ಇರುವುದಿಲ್ಲ ಎಂದು ಬರೆದೆ. "ಖೋಟಾ! ಅಂದ್ರ ಇರ್ತೀರಿ." ಮೈಗೆ ಹುಷಾರಿಲ್ಲ ಎಂದೆ. "ಖೋಟಾ! ಅಂದ್ರ ಗಟ್ಟಿ ಇದ್ದೀರಿ." ಬೇರೆ ದಾರಿ ಕಾಣದೆ ಸತ್ಯವನ್ನೇ ಬರೆದೆ: "ನಾ ಖರೇನ ಸತ್ತೀನಿ." "ಖೋಟಾ! ಖೋಟಾ!" ಕೊನೆಗೆ ಒಂದು ಉಪಾಯ ಹೂಡಿದೆ. ಎಲ್ಲವನ್ನೂ ತಿರುಗಿಸುತ್ತಾರಲ್ಲ, ಇದನ್ನೂ ತಿರುಗಿಸಲಿ ಎಂದು "ಬರ್ರಿ, ಅವಶ್ಯ ಬರ್ರಿ" ಎಂದೆ. "ಆತು, ಬರ್ತೀವಿ" ಎಂದರು. ಅದೊಂದು ಮಾತ್ರ ನಂಬಿದರು.

ಶುಕ್ರವಾರ ಬೆಳಿಗ್ಗೆಯಿಂದ ಇವರ ಫೋಟೊವನ್ನು ಮೂರು ಸಲ ಗೋಡೆಯಿಂದ ಇಳಿಸಿದೆ, ಮೂರು ಸಲ ತೂಗುಹಾಕಿದೆ. ಮಧ್ಯಾಹ್ನ ಹೊರಗಿನಿಂದ ನೀಲಮ್ಮನ ದನಿ ಬಂತು: "ಅಗ್ಗೋಬಾಯಿ! ಅಕ್ಕಾ, ಯಾರೋ ಇಬ್ಬರು ಬಂದಾರ ನೋಡ್ರಿ. ಎಡಗಾಲಿನ ಚಪ್ಪಲಿ ಬಲಗಾಲಿಗಿ ಹಾಕ್ಯಾರ!"

ಕಡ್ಡಿಯಂಥ ಮಾಸ್ತರರು, ಗುಂಡಗಿನ ಶಾಂತಕ್ಕ. ಒಳಗೆ ಬಂದು ಮಾಲೆ ಹಾಕಿದ ಫೋಟೊ ನೋಡಿದರು. ಬೆಚ್ಚಲಿಲ್ಲ. ಮಾಸ್ತರರು ಚೀಲದಿಂದ ಬಂಗಾರದ ಬಣ್ಣದ ಕಾಗದ ಸುತ್ತಿದ ಒಂದು ಸೇಬು ತೆಗೆದು ಫೋಟೊದ ಮುಂದೆ ಇಟ್ಟು ಕೈಮುಗಿದರು.

"ನಾ ನಿಮಗ ಸುಳ್ಳು ಹೇಳೀನ್ರಿ" ಎಂದು ಶುರುಮಾಡಿದೆ.

ಶಾಂತಕ್ಕ ನನ್ನ ಕೈ ಹಿಡಿದು ಕೂಡಿಸಿದರು. "ಎರಡನೇ ವಾರದಾಗೇ ಗೊತ್ತಾಗ್ಯಾದ ತಗೋ ತಂಗಿ. ನಾಕ್ ವರ್ಷದಾಗ ಅಂವಾ ಒಬ್ಬರಿಗಿ 'ಊಟ ಆತೇನು' ಅಂತ ಕೇಳಿದಾಂವ ಅಲ್ಲ. ನೀ ದಿನಾ ಹತ್ತೂ ಮಂದಿಗಿ ಕೇಳ್ತಿದ್ದಿ. ನನಗ ಜ್ವರ ಬಂದಾವ ಅಂದ್ರ ಎಲ್ಲರೂ ಖೋಟಾ ಅಂದ್ರು, ನೀನೂ ಅಂದಿ. ಅಂದು, ಕೆಳಗ 'ಜೀರಗಿ ಕಷಾಯ ಕುಡೀರಿ' ಅಂತ ಬರದಿ! ಗಡಿಯಾರ ಸ್ವಾಮಿ ಹಂಗ ಬರೀತಾನೇನ?"

"ನಾ ಒಮ್ಮಿ ಬಂದು ಹೋಗೀನಿ ತಾಯಿ" ಎಂದರು ಮಾಸ್ತರರು, ಟೋಪಿ ಕೈಯಲ್ಲಿ ತಿರುಗಿಸುತ್ತಾ. "ಅಂಗಡಿ ಮುಚ್ಚಿತ್ತು. ಚೌಕದಾಗ ಅವರ ಹೆಸರಿನ ಫ್ಲೆಕ್ಸ್ ಇತ್ತು, 'ಭಾವಪೂರ್ಣ ಶ್ರದ್ಧಾಂಜಲಿ' ಅಂತ. ಎದುರಿಗಿ ನಿಂತು ಖೋಟಾ ಅನ್ನಬೇಕಂದ್ರ ಬಾಯಿ ಬರಲಿಲ್ಲ. ಎಲ್ಲರಿಗಿ ಹೇಳಿದೆ. ನೀವು ನಡಸ್ಲತ್ತಿದ್ರಿ, ನಮಗೂ ಅಂವಾ ಬೇಕಾಗಿದ್ದ. ಸುಮ್ಮನಾದ್ವಿ."

ನಾನು ಅತ್ತೆ. ಏಳು ತಿಂಗಳದ್ದು ಒಟ್ಟಿಗೆ ಬಂತು. ಇಬ್ಬರು ಸ್ವಾಮಿಗಳು ಅದಕ್ಕೆ ಖೋಟಾ ಎನ್ನಲಿಲ್ಲ. ನನ್ನ ತಿಳಿವಳಿಕೆಯ ಮಟ್ಟಿಗೆ ಗೊಂದಲವ್ವನ ಮಠ ತನ್ನ ನಿಯಮ ಮುರಿದದ್ದು ಅದೊಂದೇ ಸಲ.

ಆಮೇಲೆ ಉಂಡೆವು. ಬೀಡಾ ಮೊದಲು ಬಡಿಸಿದಾಗ ನೀಲಮ್ಮ, "ಅಕ್ಕಾ, ಮಂದಿಗಿ ಊಟ ಮಾಡದೇ ಎದ್ದು ಹೋಗ್ರಿ ಅಂದಂಗ ಆಗ್ತದ" ಎಂದು ಬೇಡಿಕೊಂಡಳು. ಶಾಂತಕ್ಕ ಒಂದು ಬೀಡಾ ಅವಳ ಬಾಯಿಗೇ ತುರುಕಿದರು. ಮಾಸ್ತರರು ನನ್ನ ಉಪ್ಪಿಟ್ಟನ್ನೂ ಕೇಳಿ ಮಾಡಿಸಿಕೊಂಡು ತಿಂದು, ಸ್ವಲ್ಪ ಹೊತ್ತು ನಾಡಿ ಹಿಡಿದುಕೊಂಡು ಕೂತಿದ್ದರು.

ಮರುದಿನ ನಾನು ನನ್ನದೇ ಹೆಸರು ಹಾಕಿ ಗುಂಪಿನಲ್ಲಿ ಬರೆದೆ: "ಇನ್ನು ಮುಂದೆ ಬರೆಯುವವಳು ಅವರ ಹೆಂಡತಿ." ನೆಮ್ಮದಿಯಾಯಿತು ಎಂದುಕೊಳ್ಳುವಷ್ಟರಲ್ಲಿ ಮೊದಲ ಉತ್ತರ ಬಂತು, ನನ್ನ ಕೈಯ ಊಟ ಉಂಡು ಹೋದ ಶಾಂತಕ್ಕನಿಂದಲೇ: "ಖೋಟಾ! ಗಡಿಯಾರ ಸ್ವಾಮಿ ಹೇಣ್ತಿ ಹೆಸರಲೇ ಬರೀಲತ್ತಾನ." ಉಳಿದವರೂ ಅದನ್ನೇ ಅಂದರು. ಅಂದಿನಿಂದ ನಾನು ನಾನೇ ಎಂದು ವಾದ ಮಾಡುತ್ತಲೇ ಇದ್ದೇನೆ. ಆಧಾರ್ ಕಾರ್ಡಿನ ಫೋಟೊ ಕಳಿಸಿದರೂ ಒಪ್ಪಲಿಲ್ಲ.

ಅವರು ಒಪ್ಪದಿದ್ದರೆ ಹೋಗಲಿ, ಮನೆಯವರಾದರೂ ಒಪ್ಪುತ್ತಾರಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅಂಗಡಿಯ ಹದಿನಾಲ್ಕು ಗಡಿಯಾರಗಳನ್ನು ಈಗ ಮನೆಯ ಗೋಡೆಗೇ ಹಾಕಿಕೊಂಡಿದ್ದೇನೆ, ಯಾವುದನ್ನೂ ಸರಿಮಾಡಿಲ್ಲ. ಕಳೆದ ಶುಕ್ರವಾರ ನೀಲಮ್ಮ ದಡಬಡ ಬಂದು, "ಎಷ್ಟ್ ಆಗ್ಯಾದ ಅಕ್ಕಾ? ನಳ ಬರೋ ಹೊತ್ತಾಗ್ಯಾದೇನು?" ಎಂದು ಕೇಳಿದಳು. ನನ್ನ ಬಾಯಲ್ಲಿ ಬೀಡಾ ಇತ್ತು, ರೊಟ್ಟಿ ಇನ್ನೂ ಬಡಿದಿರಲಿಲ್ಲ.

"ನಿನಗ ಎಷ್ಟ್ ಬೇಕು?" ಎಂದೆ.

ನೀಲಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಪಕ್ಕಕ್ಕೆ ಸರಿದು ನಿಂತಳು.