ಗಾಯರಾನಕ್ಕೆ ಹಸಿರು ಬಣ್ಣ

ಬಣ್ಣದ ವಿಷಯದಲ್ಲಿ ಯಾರೊಡನೆಯೂ ವಾದಕ್ಕಿಳಿಯಬಾರದು ಎಂಬುದನ್ನು ಸೀರೆ ಅಂಗಡಿಯಲ್ಲೇ ಕಲಿತಿದ್ದರೆ ಚೆನ್ನಾಗಿತ್ತು. ಅಲ್ಲಿ ನಾನು ಅವ್ವ ತೋರಿಸಿದ್ದಕ್ಕೆಲ್ಲ ತಲೆಯಾಡಿಸುವವಳು, ಹಾಗಾಗಿ ಕಲಿಯಲಿಲ್ಲ. ಮಹಾರಾಷ್ಟ್ರದ ಉದಗೀರಿನ ಒಂದು ಚಿಕ್ಕ ಕಚೇರಿಯಲ್ಲಿ ಉಪಗ್ರಹ ತೆಗೆದ ಚಿತ್ರಗಳನ್ನು ಕಂಪ್ಯೂಟರಿನ ಮೇಲೆ ಹರಡಿಕೊಂಡು, ಇಳಿಜಾರು, ಮಣ್ಣು, ನೀರು, ಹುಲ್ಲು ಇವನ್ನೆಲ್ಲ ಒಂದರ ಮೇಲೊಂದು ಹೊಂದಿಸಿ, ಯಾವ ನೆಲ ಎಷ್ಟು ಸೂಕ್ಷ್ಮ, ಕೆದಕಿದರೆ ಎಷ್ಟು ಕೆಡುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಬಹಳ ಸೂಕ್ಷ್ಮವಾದದ್ದಕ್ಕೆ ಕೆಂಪು, ನಡುವಿನದಕ್ಕೆ ಹಳದಿ, ಏನು ಮಾಡಿದರೂ ತಡೆದುಕೊಳ್ಳುವಂಥದ್ದಕ್ಕೆ ಹಸಿರು. ಹೆಣ್ಣು ನೋಡಲು ಬಂದವರು ಕೇಳಿದರೆ ಅವ್ವ ಇಷ್ಟನ್ನೂ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: “ಕಂಪ್ಯೂಟರ್‌ದಾಗ ಬಣ್ಣ ಹಚ್ಚತಾಳ್ರೀ.” ಅವರು “ಚೊಲೋ ಆಯ್ತು ಬಿಡ್ರಿ, ಮನ್ಯಾಗ ಕುಂತು ಮಾಡಬಹುದು” ಎಂದು ಸಮಾಧಾನಪಡುತ್ತಾರೆ. ನನ್ನ ಎಂ.ಎಸ್ಸಿ. ಅಲ್ಲಿಗೆ ಅವಲಕ್ಕಿ ತಟ್ಟೆಯ ಹಿಂದಕ್ಕೆ ಸರಿಯುತ್ತದೆ.

ನಿಲಂಗಾ ತಾಲೂಕಿನ ನಕ್ಷೆ ಮಾಡುವಾಗ ನಮ್ಮೂರ ಗಾಯರಾನವೂ ಬಂತು. ಕಾಸಾರಶಿರಸಿಯ ಆಚೆ, ಊರ ದನಗಳೆಲ್ಲ ಮೇಯುವ ಸರಕಾರಿ ಮಾಳ ಅದು. ಮೇಲೆ ಗೇಣುದ್ದ ಮಣ್ಣು, ಕೆಳಗೆಲ್ಲ ಮುರುಮು, ಕೆಂಪು ಗರಸು. ರಸ್ತೆಗೆ ಮುರುಮು ಬೇಕಾದ ಗುತ್ತೇದಾರರೊಬ್ಬರು ಅದರ ಮೇಲೆ ಕಣ್ಣಿಟ್ಟು ಬಹಳ ದಿನವಾಗಿತ್ತು. ನಮ್ಮ ಸಾಹೇಬರಿಗೆ ಬೇಸಿಗೆಯ ಚಿತ್ರವೇ ಇಷ್ಟ, ಮೋಡದ ಕಾಟವಿಲ್ಲ. ಆದರೆ ಬೇಸಿಗೆಯಲ್ಲಿ ಮಾಳ ಬರೀ ಬೋಳು. ನಾನು ಮಳೆಗಾಲ ಮುಗಿದ ಮೇಲಿನ ಚಿತ್ರ ಹುಡುಕಿ ತೆಗೆದೆ. ತುಂಬ ಹುಲ್ಲಿತ್ತು. ಆ ಹುಲ್ಲಿನ ಮೇಲೆಯೇ ನನ್ನ ಶರಣಪ್ಪ ಕಾಕಾನ ದೇವಣಿ ತಳಿಯ ಆಕಳುಗಳು ಬದುಕಿದ್ದವು. ಕಾಕಾ ನನ್ನ ಅಪ್ಪನ ತಮ್ಮ. ಹೆಂಡತಿ ಕಾಕೂನ ಹತ್ತಿರ ಮಾತಾಡುವುದಕ್ಕಿಂತ ಮೆತ್ತಗೆ ಆಕಳ ಹತ್ತಿರ ಮಾತಾಡುತ್ತಾನೆ. ಮಾಳಕ್ಕೆ ಗಾಢವಾಗಿ ಕೆಂಪು ಹಚ್ಚಿದೆ. ಅದು ಉಳಿದರೆ ಗುತ್ತೇದಾರರಿಗೆ ತೋಡುವ ಪರವಾನಗಿ ಇಲ್ಲ.

ಊರವರ ಅಭಿಪ್ರಾಯ ಕೇಳಲು ಗ್ರಾಮಸಭೆ ಸೇರಿತು. ನಕ್ಷೆಯನ್ನು ಗೋಡೆಗೆ ಹಚ್ಚಿದೆವು. ಮೊದಲು ಎದ್ದವನು ಕಾಕಾನೇ.

“ಇದ್ಯಾವ ನ್ಯಾಯ? ಮಂದಿ ಊರೆಲ್ಲಾ ಹಸಿರು, ನಮ್ಮದಷ್ಟೇ ಕೆಂಪಾ? ದಫ್ತರದಾಗ ತಲಾಠಿ ಕೆಂಪು ಶಾಯಿ ಹಚ್ಚಿದ ಜಮೀನು ಯಾವದಾರ ತಿರುಗಿ ಬಂದದೇನು? ಕೆಂಪಂದ್ರ ಜಪ್ತಿ.”

“ಜಪ್ತಿ ಅಲ್ಲ ಕಾಕಾ. ಆ ನೆಲಾ ಮುಟ್ಟಬಾರದು ಅಂತ ಅರ್ಥ,” ಎಂದೆ.

“ಮುಟ್ಟಬಾರದಂದ್ರ, ನಮ್ಮ ದನಾ ಏನು ನಿಮ್ಮ ಆಫೀಸಿಗಿ ಬರಬೇಕಾ ಮೇಯಲಾಕ?”

ಜನ ನಕ್ಕರು. ದನ ಮೇಯಬಹುದು, ತೋಡಬಾರದು ಅಷ್ಟೇ ಎಂದು ನಾನು ಹೇಳುವಷ್ಟರಲ್ಲಿ ಚಪ್ಪಾಳೆ ಬಿತ್ತು. ಹಿಂದಿನಿಂದ ಯಾರೋ, “ಹಸಿರು ಬಣ್ಣ ಖಲಾಸ್ ಆಗ್ಯಾದೇನ್ರಿ ಮೇಡಂ?” ಎಂದರು. ಹಸಿರೇ ಇರಲಿ ಎಂದು ಎಲ್ಲರಿಗಿಂತ ಮೊದಲು ಕೈಯೆತ್ತಿದವರು ಗುತ್ತೇದಾರರು. ಸಾಹೇಬರು ನನ್ನ ಕಡೆ ತಿರುಗಿ, “ಲೋಕಾಂಚೀ ಮಾಗಣೀ ಆಹೆ,” ಜನರ ಬೇಡಿಕೆ, ಎಂದರು. ಆ ಧ್ವನಿಯಲ್ಲಿ ಪ್ರಜಾಪ್ರಭುತ್ವ ತುಂಬಿ ತುಳುಕುತ್ತಿತ್ತು.

ನಾನು ಬಣ್ಣ ಬದಲಿಸಲು ಒಲ್ಲೆ ಎಂದೆ. ಪಕ್ಕದ ಮೇಜಿನವರು ಬದಲಿಸಿದರು, ಅದಕ್ಕೆ ಎಂ.ಎಸ್ಸಿ. ಬೇಕಾಗಲಿಲ್ಲ. ಊರು ಗೆದ್ದಿತೆಂಬ ಖುಷಿಗೆ ಕಾಕಾ ನನಗೆ ಪೇಢೆ ಕಳಿಸಿದ. ತಿಂದೆ, ಪೇಢೆಯದೇನು ತಪ್ಪು?

ಮುಂದಿನ ಮಳೆಗಾಲ ಕಳೆದ ಮೇಲೆ ಕಾಕಾ ಕಚೇರಿಗೆ ಬಂದ. ಅಷ್ಟರಲ್ಲಿ ಮೇವಿಲ್ಲದೆ, ಒಂದು ಆಕಳನ್ನು ಬಿಟ್ಟು ಉಳಿದವನ್ನು ಲೋಹಾರಾದ ಬೀಗರ ಮನೆಗೆ ಹೊಡೆದು ಕಳಿಸಿದ್ದ. ಹೊಸದಾಗಿ ಬಂದ ಚಿತ್ರವನ್ನು ತೆಗೆದು ತೋರಿಸಿದೆ. ಸುತ್ತಲಿನ ಹೊಲಗಳ ನಡುವೆ, ಗುತ್ತೇದಾರರು ತೋಡಿದ ಮಾಳ ಸುಲಿದಿಟ್ಟ ಹಾಗಿತ್ತು. ಕಾಕಾ ಪರದೆಯ ಹತ್ತಿರ ಬಗ್ಗಿ ನೋಡಿದ.

“ನೀ ಆವಾಗ ಹಚ್ಚಿದ್ದು ಇದೇ ಬಣ್ಣ ಅಲ್ಲ?”

“ಹೌದು.”

“ಈಗ ಯಾರು ಹಚ್ಯಾರ?”

“ಯಾರೂ ಹಚ್ಚಿಲ್ಲ ಕಾಕಾ. ಮುರುಮಿಂದೇ ಬಣ್ಣ ಅದು.”

ಕಾಕಾ ಹೆಗಲ ಮೇಲಿನ ಟವೆಲ್ಲನ್ನು ಮಡಿಚಿದ, ಬಿಚ್ಚಿದ. “ಮತ್ತ ಅವತ್ತು ಜರಾ ಜೋರಾಗಿ ಹೇಳಬಾರದಿತ್ತೇನವಾ?”

ಜೋರಾಗಿ ಮಾತಾಡಲು ಬರುವುದಿಲ್ಲ ಎಂದೇ ನಾನು ನಕ್ಷೆ ಮಾಡುವ ಕೆಲಸ ಹಿಡಿದವಳು. ಅದನ್ನೂ ಮೆತ್ತಗೇ ಹೇಳಿದೆ. ಕಿಟಕಿಯ ಕೆಳಗೆ ಮುರುಮು ತುಂಬಿದ ಟಿಪ್ಪರ್ ಹಾಯುತ್ತಿತ್ತು. ಕಾಕಾ ಕಿವಿಗೆ ಕೈ ಹಚ್ಚಿ, “ಆಂ?” ಅಂದ.